ಅಳತೆಪುಸ್ತಕದ ಬಲಪುಟ

ಉಸಿರು ಬಿಗಿಹಿಡಿದು ನಿಂತವರ ಅಳತೆ ತೆಗೆಯಬಾರದು. ಲಂಡನ್ನಿನ ಕಿಂಗ್ಸ್‌ಬರಿಯ ಮುಖ್ಯರಸ್ತೆಯಲ್ಲಿ, ಸೀರೆ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಹೊಲಿಗೆ ಅಂಗಡಿಯಲ್ಲಿ ನಾಗವ್ವ ಇಪ್ಪತ್ತಮೂರು ವರ್ಷಗಳಿಂದ ಪಾಲಿಸಿಕೊಂಡು ಬಂದ ನಿಯಮ ಇದು. ಟೇಪು ಮೈ ಸುತ್ತಿದ ಕೂಡಲೇ ಹೆಂಗಸರು ಹೊಟ್ಟೆ ಒಳಗೆಳೆದುಕೊಂಡು ಕಲ್ಲಾಗುತ್ತಾರೆ. ಆ ಅಳತೆಗೆ ಹೊಲಿದ ಬಟ್ಟೆ, ಮನೆಗೆ ಹೋಗಿ ಉಸಿರು ಬಿಟ್ಟ ಮೇಲೆ ಕಚ್ಚತೊಡಗುತ್ತದೆ. ಅದಕ್ಕೇ ನಾಗವ್ವ ಟೇಪು ಬಿಚ್ಚುವ ಮೊದಲೇ ಮಾತಿಗೆಳೆಯುತ್ತಾಳೆ.

"ಸಣ್ಣಾಕಿದ್ದಾಗ ನಿಮ್ಮಜ್ಜಿ ಯಾವ ಕತಿ ಹೇಳ್ತಿದ್ಲವಾ?"

ಕತೆ ಶುರುವಾದರೆ ಉಸಿರು ತನ್ನಷ್ಟಕ್ಕೆ ಸಡಿಲಾಗುತ್ತದೆ. ಮೈ ತಾನಿದ್ದಷ್ಟೇ ಇರುತ್ತದೆ. ಆಗ ಟೇಪು ಸುಳ್ಳು ಹೇಳುವುದಿಲ್ಲ.

ಅಳತೆ ಬರೆಯಲು ಅವಳ ಹತ್ತಿರ ಕೆಂಪು ರಟ್ಟಿನ ಉದ್ದ ಪುಸ್ತಕವಿತ್ತು. ಎಡಪುಟದಲ್ಲಿ ತೋಳು, ಎದೆ, ಸೊಂಟ. ಬಲಪುಟವನ್ನು ಖಾಲಿ ಬಿಡುವುದು ರೂಢಿ. ಮುಂದೆ ಮೈ ಬದಲಾದರೆ ಹೊಸ ಅಳತೆ ಅಲ್ಲಿ ಬರಲಿ ಎಂದು. ಎರಡು ವರ್ಷದ ಹಿಂದೆ ಸಂಗವ್ವ ಎಂಬ ಎಂಬತ್ತಾರರ ಮುದುಕಿ ಅಂಗಡಿಗೆ ಬಂದ ದಿನ ಆ ರೂಢಿ ತಪ್ಪಿತು. ಸಂಗವ್ವ ಕಲಬುರಗಿ ಕಡೆಯ ಹಳ್ಳಿಯವಳು. ಲಂಡನ್ನಿನಲ್ಲಿ ಬಸ್ ಓಡಿಸುವ ಮಗ ಬಸವಂತಪ್ಪನ ಮನೆಗೆ ಬಂದು ನೆಲೆಸಿದವಳು. ಅವಳು ಹೇಳಿದ್ದು ಗಾಳಿಯನ್ನು ಬೈದ ಮುದುಕಿಯ ಕತೆ. ಜೋಳದ ರಾಶಿ ಕಣದಲ್ಲಿ ಬಿದ್ದಿದೆ, ತೂರಲು ಗಾಳಿಯಿಲ್ಲ. ಮುದುಕಿ ಸೊಂಟಕ್ಕೆ ಕೈಯಿಟ್ಟು ಆಕಾಶದ ಕಡೆ ತಿರುಗುತ್ತಾಳೆ.

"ಎಲ್ಲಿ ಸತ್ತೀಯೋ ಗಾಳೆಪ್ಪಾ? ಹೆಂಡ್ತಿ ಮಗ್ಗಲಾಗ ಕುಂತು ಉಣ್ಲತ್ತೀಯೇನು? ನನ್ ರಾಶಿ ಇಲ್ಲಿ ಬಿದ್ದದ, ನೀ ಹೊಸ ಅಳಿಯನಂಗ ಮೂರು ಸಲ ಕರೆಸ್ಕೊಂಡು ಬರ್ತೀ ಏನು? ಬಾ ಅಂದ್ರ ಬಾ!"

ನಾಚಿಕೆಯಾಗಿ ಗಾಳಿ ಬರುತ್ತದೆ. ಅಷ್ಟೇ ಕತೆ. ನಾಗವ್ವ ನಕ್ಕ ನಗುವಿಗೆ ಬಾಯಲ್ಲಿ ಕಚ್ಚಿ ಹಿಡಿದಿದ್ದ ಗುಂಡುಪಿನ್ನುಗಳು ನೆಲಕ್ಕೆ ಚೆಲ್ಲಿದವು. ಮರೆತುಹೋದೀತೆಂಬ ಹೆದರಿಕೆಯಿಂದ ಸಂಗವ್ವನ ಅಳತೆಯ ಎದುರಿನ ಬಲಪುಟದಲ್ಲಿ ಕಿವಿಗೆ ಬಿದ್ದಂತೆಯೇ ಬರೆದಿಟ್ಟಳು. ಆಮೇಲೆ ಅದು ಅಭ್ಯಾಸವಾಯಿತು. ಮಂಗಳೂರಿನವರೊಬ್ಬರು ಮೀನಿನ ಮದುವೆಯ ಕತೆ ಹೇಳಿದರು, ಮೈಸೂರಿನವರು ಕಳ್ಳ ಅಡಿಗೆಭಟ್ಟನದು. ಒಂದೂವರೆ ವರ್ಷದಲ್ಲಿ ಹನ್ನೊಂದು ಬಲಪುಟಗಳು ತುಂಬಿದವು, ಹನ್ನೊಂದು ಬಾಯಿಗಳು ಆಡಿದ ಹಾಗೆಯೇ. ಹೋದ ಡಿಸೆಂಬರಿನಲ್ಲಿ ಸಂಗವ್ವ ತೀರಿಕೊಂಡಳು. ಅವಳ ಗಾಳಿ ಮಾತ್ರ ಕೆಂಪು ಪುಸ್ತಕದಲ್ಲಿತ್ತು.

ಕಿವಿಗೆ ಬಿದ್ದದ್ದನ್ನು ತಿದ್ದದೆ ಬರೆಯಬೇಕೆಂಬ ಹಟ ನಾಗವ್ವನಿಗೆ ಎಲ್ಲಿಂದ ಬಂತೆಂದು ಹೇಳಬೇಕಾದರೆ ಗುಳೇದಗುಡ್ಡಕ್ಕೆ ಹೋಗಬೇಕು. ಅವಳಪ್ಪ ಅಲ್ಲಿ ಖಣ ನೇಯುತ್ತಿದ್ದ. ರವಿಕೆಗೆಂದೇ ನೇಯುವ ಆ ಅಂಚುಳ್ಳ ಬಟ್ಟೆ ಇವತ್ತಿಗೂ ಅವಳ ಅಂಗಡಿಯ ಕಿಟಕಿಯಲ್ಲಿ ತೂಗುತ್ತದೆ. ಎರಡನೇ ಇಯತ್ತೆಯಲ್ಲಿ ಹೊಸದಾಗಿ ಬಂದ ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳಿದರು, ನಿನ್ನ ತಂದೆ ಏನು ಮಾಡುತ್ತಾರೆ. "ನಮ್ಮಪ್ಪ ಮಗ್ಗದ ಕುಣ್ಯಾಗ ಕುಂತಾನ್ರಿ" ಅಂದಳು ನಾಗವ್ವ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತೇ ನೇಯುವುದು, ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಶುದ್ಧವಾಗಿ ಹೇಳುವ ತನಕ ಬೆಂಚಿನ ಮೇಲೆ ನಿಲ್ಲು ಎಂದರು ಮೇಷ್ಟ್ರು. ಶುದ್ಧ ಎಂದರೆ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಗಂಟೆ ಹೊಡೆಯುವ ತನಕ ನಿಂತಳು. ಆಮೇಲೆ ಐದು ವರ್ಷ ಶಾಲೆಗೆ ಹೋದಳು, ಒಂದು ದಿನವೂ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಏಳಕ್ಕೆ ಬಿಟ್ಟು ಹೊಲಿಗೆ ಮೆಶಿನ್ನಿಗೆ ಕೂತಳು. ಮದುವೆಯಾಗಿ, ಗಂಡ ಇಲ್ಲಿನ ಹೋಟೆಲಿನಲ್ಲಿ ಅಡಿಗೆಯವನಾದ ಮೇಲೆ, ಆ ಮೆಶಿನ್ನಿನ ವಿದ್ಯೆಯೇ ಅವಳ ಜೊತೆ ವಿಮಾನ ಹತ್ತಿದ್ದು.

ಬೆಂಚಿನ ಮೇಲೆ ನಿಂತದ್ದು ತನ್ನ ತಪ್ಪಿಗೆ ಎಂದೇ ಅವಳು ಐವತ್ತು ವರ್ಷದ ತನಕ ನಂಬಿದ್ದಳು. ಹಾಗಲ್ಲ ಎಂದು ಹೇಳಿದವಳು ಮಾರಿಟ್.

ಮಾರಿಟ್ ನಾರ್ವೆ ದೇಶದವಳು. ಸ್ಟ್ಯಾನ್ಮೋರಿನಲ್ಲಿ ಇಂಗ್ಲಿಷ್ ಗಂಡನ ಜೊತೆ ಬದುಕು ಕಳೆದು ಈಗ ಒಬ್ಬಳೇ ಇರುವ ನಿವೃತ್ತ ಟೀಚರು. ನಾರ್ವೆಯವರಿಗೆ ಮೇ ಹದಿನೇಳು ದೊಡ್ಡ ಹಬ್ಬ, ಅವರ ಸಂವಿಧಾನ ದಿನ. ಅವತ್ತು ಲಂಡನ್ನಿನಲ್ಲಿರುವ ನಾರ್ವೆಯ ಹೆಂಗಸರು ತಂತಮ್ಮ ಸೀಮೆಯ ಉಡುಪು ತೊಟ್ಟು ಮೆರವಣಿಗೆ ಹೋಗುತ್ತಾರೆ. ಒಂದೊಂದು ಕಣಿವೆಗೆ ಒಂದೊಂದು ಉಡುಪು. ಮಾರಿಟ್‌ಳದು ಹಾರ್ಡಾಂಗರ್ ಸೀಮೆಯದು: ಕೆಂಪು ಕುಪ್ಪಸ, ಎದೆಗೆ ಮಣಿ ಪೋಣಿಸಿದ ಪಟ್ಟಿ, ಮುಂದೆ ಬಿಳಿ ಕಸೂತಿಯ ಏಪ್ರನ್. ಪ್ರತಿ ಏಪ್ರಿಲ್‌ನಲ್ಲಿ ಅದನ್ನು ತಂದು ನಾಗವ್ವನ ಮೇಜಿನ ಮೇಲಿಡುತ್ತಾಳೆ. ಒಂದು ವರ್ಷ ಸಡಿಲಿಸಬೇಕು, ಒಂದು ವರ್ಷ ಬಿಗಿ ಮಾಡಬೇಕು. ಹೊಲಿದವರು ಹೊಲಿಗೆಯ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದಾರೆ. ಮೊದಲ ಸಲ ಅದನ್ನು ನೋಡಿ ನಾಗವ್ವ, "ಇದನ್ನ ಹೊಲದಾಕಿಗೆ ಮೈ ಅಂದ್ರೇನಂತ ಗೊತ್ತಿತ್ತು" ಅಂದಿದ್ದಳು.

ಮಾರಿಟ್‌ಗೂ ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುವ ಚಾಳಿ. ನಾಗವ್ವ ತನಗೆ ಬರುವ ಇಂಗ್ಲಿಷಿನಲ್ಲಿ ಅವಳನ್ನೂ ಮಾತಿಗೆಳೆದಳು. ಬೆಂಚಿನ ಮೇಲೆ ನಿಂತ ಕತೆಯನ್ನು ತಾನೇ ಮೊದಲು ಹೇಳಿ ನಕ್ಕಳು. ಮಾರಿಟ್ ನಗಲಿಲ್ಲ.

"ನಮ್ಮಲ್ಲಿ ಆ ಮೇಷ್ಟ್ರು ಕಾನೂನು ಮುರಿದ ಹಾಗೆ" ಅಂದಳು.

ಆಮೇಲೆ ಪ್ರತಿ ಏಪ್ರಿಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹೇಳಿದಳು. ನಾನೂರು ವರ್ಷಕ್ಕೆ ಹತ್ತಿರ ನಾರ್ವೆ ಡೆನ್ಮಾರ್ಕಿನ ಕೆಳಗಿತ್ತು. ಬರೆಯುವುದೆಲ್ಲ ಡೇನಿಷ್ ಭಾಷೆಯಲ್ಲಿ. ಕಣಿವೆಯ ಜನ ಮಾತಾಡುತ್ತಿದ್ದುದಕ್ಕೆ ಭಾಷೆಯೆಂಬ ಮರ್ಯಾದೆಯೂ ಇರಲಿಲ್ಲ. ಡೆನ್ಮಾರ್ಕಿನಿಂದ ಬಿಡುಗಡೆಯಾದ ಮೇಲೂ ಪುಸ್ತಕಗಳು ಡೇನಿಷ್‌ನಲ್ಲೇ ಉಳಿದವು. ಆಗ ಕಾಲೇಜು ಮೆಟ್ಟಿಲು ಹತ್ತದ ರೈತನ ಮಗನೊಬ್ಬ ವರ್ಷಗಟ್ಟಲೆ ಊರೂರು ನಡೆದ. ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ದೋಣಿಯಲ್ಲಿ ಜನ ಆಡುವ ಮಾತುಗಳನ್ನು ಬರೆದುಕೊಂಡ. ಅವುಗಳಿಂದಲೇ ಒಂದು ಬರವಣಿಗೆಯ ಭಾಷೆ ಕಟ್ಟಿದ. ಪಟ್ಟಣದಲ್ಲಿ ಇನ್ನೊಬ್ಬ ಮೇಷ್ಟ್ರು, ಡೇನಿಷನ್ನೇ ಮೆಲ್ಲಮೆಲ್ಲಗೆ ನಾರ್ವೆಯ ನಾಲಿಗೆಗೆ ಹೊಂದಿಸೋಣ ಎಂದ. ಎರಡೂ ಬೆಳೆದವು. ಸಾವಿರದ ಎಂಟುನೂರ ಎಂಬತ್ತೈದರಲ್ಲಿ ಅವರ ಪಾರ್ಲಿಮೆಂಟು ಎರಡಕ್ಕೂ ಸಮಾನ ಸ್ಥಾನ ಅಂದಿತು. ಇವತ್ತಿಗೂ ಎರಡಿವೆ. ಮಕ್ಕಳು ಯಾವುದರಲ್ಲಿ ಕಲಿಯಬೇಕೆಂದು ಊರಿನವರು ವೋಟು ಹಾಕಿ ತೀರ್ಮಾನಿಸಿದ್ದೂ ಇದೆ.

"ಮತ್ತ ಮಾತು?" ನಾಗವ್ವ ಕೇಳಿದ್ದಳು.

"ಮಾತಿಗೆ ಯಾರೂ ಯಜಮಾನರಿಲ್ಲ. ಎಂಬತ್ತೈದಕ್ಕೂ ಏಳು ವರ್ಷ ಮೊದಲೇ ಪಾರ್ಲಿಮೆಂಟು ಹೇಳಿತ್ತು, ಮಕ್ಕಳಿಗೆ ಆದಷ್ಟೂ ಅವರವರು ಆಡುವ ಮಾತಿನಲ್ಲೇ ಪಾಠ ಹೇಳಬೇಕು ಅಂತ. ಬರವಣಿಗೆ ಕಲಿಸು, ನಾಲಿಗೆ ಮುಟ್ಟಬೇಡ. ನಾನು ಟೀಚರಾಗಿದ್ದಾಗ ನಮಗೆ ಅದೇ ಮೊದಲ ಪಾಠ."

ನಾಗವ್ವ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅಷ್ಟು ದೂರದ ಚಳಿ ದೇಶದಲ್ಲಿ, ಅವಳಜ್ಜಿಯ ಅಜ್ಜಿ ಹುಟ್ಟಿದ ಕಾಲದಲ್ಲಿ, ಯಾರೋ ಸೇರಿ ಕೂತು ಅವಳನ್ನು ಬೆಂಚಿನಿಂದ ಕೆಳಗಿಳಿಸಿದ್ದರು. ಸುದ್ದಿ ಗುಳೇದಗುಡ್ಡಕ್ಕೆ ಮುಟ್ಟಿರಲಿಲ್ಲ, ಅಷ್ಟೆ.

ಜನವರಿಯಲ್ಲಿ ನರಸಿಂಹಮೂರ್ತಿ ಅಂಗಡಿಗೆ ಬಂದರು. ಹ್ಯಾರೋದ ಚರ್ಚ್ ಹಾಲಿನಲ್ಲಿ ಶನಿವಾರ ನಡೆಯುವ ಕನ್ನಡ ಶಾಲೆಗೆ ಅವರೇ ಅಧ್ಯಕ್ಷರು. ದೊಡ್ಡ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು, ಕೆಟ್ಟವರಲ್ಲ; ಮಳೆ ಹಿಮ ನೋಡದೆ ಆ ಶಾಲೆಯ ಬಾಗಿಲು ತೆಗೆದವರು. ಮಾತಿನ ನಡುವೆ ಅವರ ಫೋನು ರಿಂಗಾಯಿತು. ಊರಿನಿಂದ ತಾಯಿ. ಮೂರ್ತಿ ತಟ್ಟನೆ ಗೋಡೆಗೆ ಮುಖ ಮಾಡಿ, ಅಂಗೈಯಿಂದ ಬಾಯಿ ಮರೆಮಾಡಿಕೊಂಡು, ನಾಗವ್ವ ಅವರ ಬಾಯಲ್ಲಿ ಎಂದೂ ಕೇಳದ ಕೋಲಾರದ ಕಡೆಯ ಎಳೆತದಲ್ಲಿ ನಾಲ್ಕು ಮಾತಾಡಿದರು. ಫೋನಿಟ್ಟು ಈ ಕಡೆ ತಿರುಗುವಾಗ ಅವರ ಕನ್ನಡವೂ ಅವರ ಜೊತೆ ತಿರುಗಿತು.

"ನಿಮ್ಮ ಹತ್ತಿರ ಕಥೆಗಳ ಸಂಗ್ರಹವಿದೆಯಂತಲ್ಲ ನಾಗವ್ವನವರೇ? ಮಕ್ಕಳಿಗೆ ಓದುಪುಸ್ತಕ ಮಾಡ್ತಿದ್ದೀವಿ. ಅದನ್ನೇ ಹಾಕೋಣ."

ಅಳತೆಪುಸ್ತಕ ಅಂಗಡಿಯ ಹೊಸ್ತಿಲು ದಾಟಬಾರದು ಎಂಬುದು ದರ್ಜಿಯವರ ರೂಢಿ. ನಾಗವ್ವ ಮೊದಲ ಸಲ ದಾಟಿಸಿದಳು. ಸಂಗವ್ವನ ಗಾಳಿ ಲಂಡನ್ನಿನ ಮಕ್ಕಳ ಬಾಯಲ್ಲಿ ಬೀಸುತ್ತದಲ್ಲ, ಅಷ್ಟು ಸಾಕಿತ್ತು ಅವಳಿಗೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕೆಂದೂ ಹೊಳೆಯಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಪುಸ್ತಕ ಅಚ್ಚಾಗಿ ಬಂತು. ನಲವತ್ತು ಪ್ರತಿಗಳ ಪೆಟ್ಟಿಗೆಯನ್ನು ನೇರ ನಾಗವ್ವನ ಅಂಗಡಿಗೇ ಕಳಿಸಿದರು, ಒಂದೊಂದಕ್ಕೂ ಖಣದ ಹೊದಿಕೆ ಹೊಲಿದು ಕೊಡಲಿ ಎಂದು. ಬೆನ್ನಿನ ಅಗಲ ನೋಡಲು ನಾಗವ್ವ ಒಂದನ್ನು ಬಿಡಿಸಿದಳು. ಸಂಗವ್ವನ ಹೆಸರಿರುವ ಪುಟ ಸಿಕ್ಕಿತು. ಓದಿದಳು.

"ವೃದ್ಧೆಯು ಕೈಮುಗಿದು, ಹೇ ವಾಯುದೇವನೇ, ದಯವಿಟ್ಟು ಬೀಸು ಎಂದು ವಿನಮ್ರಳಾಗಿ ಪ್ರಾರ್ಥಿಸಿದಳು."

ಇನ್ನೊಂದು ಸಲ ಓದಿದಳು. ಬೇರೆ ಪುಟಗಳನ್ನು ತಿರುವಿದಳು. ಮಂಗಳೂರಿನವರೂ ಮೈಸೂರಿನವರೂ ಗದಗಿನವರೂ ಒಂದೇ ಗಂಟಲಿನಿಂದ ಮಾತಾಡುತ್ತಿದ್ದರು, ಬ್ಯಾಂಕಿನ ನೋಟೀಸಿನ ಹಾಗೆ. ಹನ್ನೊಂದು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೇ ಅಳತೆಯ ಬಟ್ಟೆ ತೊಡಿಸಿ, ಉಸಿರಾಡಬೇಡಿ ಎಂದ ಹಾಗಿತ್ತು.

ಮರುದಿನ ಶನಿವಾರ. ನಾಗವ್ವ ಅಂಗಡಿ ಮುಚ್ಚಿ ಬಸ್ಸು ಹಿಡಿದು ಹ್ಯಾರೋಗೆ ಹೋದಳು. ಹಾಲಿನಲ್ಲಿ ಪಾಠ ಮುಗಿದು ಮಕ್ಕಳು ಬಿಸ್ಕೆಟ್ ತಿನ್ನುತ್ತಿದ್ದವು. ನರಸಿಂಹಮೂರ್ತಿ ಕುರ್ಚಿ ಮಡಚಿಡುತ್ತಿದ್ದರು, ಸಿರಿಶಾ ಹಲಗೆ ಒರೆಸುತ್ತಿದ್ದಳು. ಸಿರಿಶಾ ಬೆಂಗಳೂರಿನ ಹುಡುಗಿ, ಇಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಟೀಚರು. ಪುಸ್ತಕ ಟೈಪು ಮಾಡಿದವಳು ಅವಳೇ.

"ಸಂಗವ್ವ ಕೈ ಮುಗದಾಕಿ ಅಲ್ರಿ" ಅಂದಳು ನಾಗವ್ವ, ನಮಸ್ಕಾರವನ್ನೂ ಹೇಳದೆ.

ಮೂರ್ತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ಅದಾ! ನೋಡಿ, ಮುನ್ನುಡಿಯಲ್ಲಿ ನಿಮಗೆ ವಿಶೇಷ ಕೃತಜ್ಞತೆ ಹೇಳಿದ್ದೀವಿ. ಭಾಷೆ ಸ್ವಲ್ಪ ತಿದ್ದಿದ್ವಿ, ಅಷ್ಟೆ."

"ತಿದ್ದೂದಂದ್ರ ಬೈದಾಕಿನ್ನ ಪೂಜಿಗೆ ಕುಂದ್ರಸೂದೇನ್ರಿ?"

"ಮಕ್ಕಳ ಪುಸ್ತಕದಲ್ಲಿ ಬೈಗುಳ ಹಾಕೋಕಾಗತ್ತಾ?"

"ಅದು ಬೈಗುಳಾ? ಅಳಿಯಗ ಅತ್ತಿ ಅಷ್ಟೂ ಅನ್ಲಿಲ್ಲಂದ್ರ ಅವ ಊಟಕ್ಕ ಕುಂದ್ರೂದಿಲ್ಲ!"

ಹಿಂದೆ ಯಾರೋ ತಾಯಂದಿರು ಕಿಸಕ್ಕೆಂದರು. ಮೂರ್ತಿಯ ಮುಖ ಬಿಗಿಯಿತು.

"ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಕನ್ನಡ ಕಲಿಸೋದೇ ಕಷ್ಟ. ನೀವು ಹನ್ನೊಂದು ಕಲಿಸಿ ಅಂತೀರಿ. ಯಾವ ದೇಶವಾದ್ರೂ ಬರವಣಿಗೆಗೆ ಒಂದು ಪ್ರಮಾಣ ಇಟ್ಕೊಳ್ಳುತ್ತೆ."

"ನಾರ್ವೆದಾಗ ಎರಡ ಅದಾವ್ರಿ."

ಮೂರ್ತಿ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟರು.

"ಎಲ್ಲಿ?"

"ನಾರ್ವೆ ದೇಶದಾಗ. ನೂರಾನಲವತ್ತು ವರ್ಷಾತು. ಮುಳುಗಿ ಹೋಗಿಲ್ಲ ಅವರು."

"ನಾಗವ್ವನವರೇ, ಅವರ ಸಮುದ್ರದಲ್ಲಿ ಎಣ್ಣೆ ಇದೆ. ಎರಡಲ್ಲ, ಹತ್ತು ಇಟ್ಕೋತಾರೆ. ನಮಗಿರೋದು ವಾರಕ್ಕೆ ಎರಡು ಗಂಟೆ ಹಾಲ್ ಬುಕಿಂಗ್."

ಈಗ ನಗೆ ಅವರ ಕಡೆಗೆ ತಿರುಗಿತು. ಆ ಮಾತಿನಲ್ಲಿ ನಿಜವೂ ಇತ್ತು. ಅದಕ್ಕೇ ಅದು ಹೆಚ್ಚು ಉರಿಯಿತು. ನಾಗವ್ವ ಕೈಚಾಚಿದಳು.

"ನನ್ನ ಅಳತಿ ಪುಸ್ತಕ ಹೊಳ್ಳಿ ಕೊಡ್ರಿ."

ಮೂರ್ತಿ ಸಿರಿಶಾಳನ್ನು ನೋಡಿದರು. ಸಿರಿಶಾ ನೆಲ ನೋಡಿದಳು. "ಟೈಪ್ ಮಾಡಿದ ಮೇಲೆ ಸರ್‌ಗೆ ಕೊಟ್ಟಿದ್ದೆ ಆಂಟಿ."

"ಅದರ ತುಂಬ ಬರೀ ಮೂವತ್ತಾರು, ಮೂವತ್ತೆಂಟು..." ಮೂರ್ತಿಯ ದನಿ ಕೆಳಗಿಳಿಯಿತು. "ಹಳೇ ಪುಸ್ತಕ ಅಂತ... ರೀಸೈಕ್ಲಿಂಗ್ ಡಬ್ಬಿಗೆ ಹಾಕ್ಬಿಟ್ಟೆ. ಫೆಬ್ರವರಿಯಲ್ಲೇ."

"ನೀ ಟೈಪ್ ಮಾಡಿದ್ದರ ಐತೇನವಾ?"

"ಅದೇ ಫೈಲ್‌ನಲ್ಲೇ ತಿದ್ದಿದ್ವಿ ಆಂಟಿ. ಮೊದಲಿಂದು ಉಳೀಲಿಲ್ಲ."

ಮನೆಗೆ ಕಳ್ಳ ನುಗ್ಗಿದರೆ ಪೊಲೀಸರಿಗೆ ಹೇಳಬಹುದು. ಸತ್ತ ಹೆಂಗಸೊಬ್ಬಳ ಬಾಯೊಳಗೆ ಕೈಯಿಟ್ಟು ಅವಳ ಮಾತನ್ನು ತೆಗೆದು, ಅಲ್ಲಿ ಬೇರೆಯವರ ಮಾತು ತುರುಕಿ, ಕೆಳಗೆ ಅವಳದೇ ಹೆಸರು ಅಚ್ಚು ಹಾಕಿದವರ ಮೇಲೆ ಎಲ್ಲಿ ದೂರು ಕೊಡುವುದು? ಅವರು ಕದ್ದಿರಲಿಲ್ಲ. ಉಪಕಾರ ಮಾಡಿದ್ದರು. ಕೃತಜ್ಞತೆ ಬೇರೆ ಸಲ್ಲಿಸಿದ್ದರು. ನಾಗವ್ವನಿಗೆ ಅಳು ಬರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವಳ ಬೆರಳುಗಳು ತಮ್ಮಷ್ಟಕ್ಕೆ ಕತ್ತರಿಯ ಹಾಗೆ ಆಡುತ್ತಿದ್ದವು. ದಾರಿಯಲ್ಲಿ ಇಳಿದು ಒಂದು ಡಜನ್ ಕೆಂಪು ಪೆನ್ನು ಕೊಂಡಳು. ನಲವತ್ತು ಪುಸ್ತಕಗಳಲ್ಲೂ ಒಂದು ಸಾಲು ಬಿಡದೆ ಹೊಡೆದು ಹಾಕುತ್ತೇನೆ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಮಾರಿಟ್ ಉಡುಪು ಒಯ್ಯಲು ಬಂದಾಗ ಮೇಜಿನ ಮೇಲೆ ಪುಸ್ತಕಗಳ ರಾಶಿ, ಪಕ್ಕದಲ್ಲಿ ಪೆನ್ನುಗಳು. ನಾಗವ್ವ ನಡೆದದ್ದನ್ನೆಲ್ಲ ಹೇಳಿದಳು. ಮಾರಿಟ್ ಒಂದು ಪೆನ್ನೆತ್ತಿ ನೋಡಿದಳು.

"ನಮ್ಮ ಚಿಕ್ಕಮ್ಮ ಇಂಥ ಕೆಲಸಕ್ಕೆ ಶಾಯಿ ತುಂಬಿ ಕೊಟ್ಟಿದ್ದಳು" ಅಂದಳು. "ಸಾವಿರದ ಒಂಬೈನೂರ ಐವತ್ತಮೂರು. ಓಸ್ಲೋದ ಒಬ್ಬ ಡಾಕ್ಟರ ಮನೆಯಲ್ಲಿ ಮನೆಗೆಲಸಕ್ಕಿದ್ದಳು. ಸರ್ಕಾರಕ್ಕೆ ಆಗ ಒಂದು ಹುಚ್ಚು: ಎರಡೂ ಬರವಣಿಗೆಗಳನ್ನು ಕಮಿಟಿ ಮಾಡಿ ಕಲಸಿ ಒಂದೇ ಮಾಡೋದು. ಪಟ್ಟಣದ ಮಕ್ಕಳ ಪುಸ್ತಕದೊಳಗೆ ನಮ್ಮ ಕಣಿವೆಯ ಕೆಲವು ಮಾತು ಬಂದವು. ಪಟ್ಟಣದ ತಂದೆತಾಯಿಗಳಿಗೆ ಬೆಂಕಿ ಬಿದ್ದಹಾಗಾಯಿತು. ಪೆನ್ನು ಹಿಡಿದು ಮಕ್ಕಳ ಪುಸ್ತಕ ತಾವೇ ತಿದ್ದಿದರು. ಕೆಲವರು ಪುಸ್ತಕ ಸುಟ್ಟರು. ಆ ಡಾಕ್ಟರ ಹೆಂಡತಿ ಊಟದ ಮೇಜಿನ ಮುಂದೆ ಕೂತು ಹೊಡೆದು ಹಾಕುತ್ತಿದ್ದಳು. ಹೊಡೆದದ್ದೆಲ್ಲ ನಮ್ಮ ಚಿಕ್ಕಮ್ಮನ ಮನೆಮಾತು. ಚಿಕ್ಕಮ್ಮ ಪಕ್ಕದಲ್ಲಿ ಶಾಯಿ ಹಿಡಿದು ನಿಂತಿದ್ದಳು."

"ಆಮ್ಯಾಲೆ?"

"ಆಮೇಲೆ ಎಷ್ಟೋ ವರ್ಷಕ್ಕೆ ಸರ್ಕಾರವೇ ಕೈಬಿಟ್ಟಿತು. ಎರಡೂ ಇರಲಿ ಅಂದಿತು. ಆದರೆ ಚಿಕ್ಕಮ್ಮ ಸಾಯೋವರೆಗೂ ಒಂದು ಮಾತು ಹೇಳುತ್ತಿದ್ದಳು. ಆ ಮನೆಯ ಮಗಳು ಮರುದಿನ ಪುಸ್ತಕ ತೆರೆದಾಗ ಅವಳಿಗೆ ಕಂಡದ್ದು ನಮ್ಮ ಮಾತೂ ಅಲ್ಲ, ಅವಳಮ್ಮನ ಮಾತೂ ಅಲ್ಲ. ಬರೀ ಕಪ್ಪು ಗೆರೆ."

ನಾಗವ್ವ ಉಡುಪನ್ನು ಮಡಚಿ ಚೀಲಕ್ಕೆ ಹಾಕುತ್ತ, ಒಳಗಿನ ಆ ನಾಲ್ಕು ಬೆರಳು ಬಟ್ಟೆಯನ್ನು ಸವರಿದಳು. ಮಾರಿಟ್ ಹೋದ ಮೇಲೆ ಪೆನ್ನುಗಳನ್ನು ಗುಂಡಿ ಡಬ್ಬಿಯ ಹಿಂದಕ್ಕೆ ಸರಿಸಿದಳು. ಪುಸ್ತಕವೊಂದನ್ನು ತೆಗೆದು ಎರಡು ಪುಟಗಳ ನಡುವಿನ ಸಂದನ್ನು ಬೆರಳಿಂದ ಅಗಲಿಸಿ ನೋಡಿದಳು. ಒಂದು ಹಾಳೆ ಹಿಡಿಯುವಷ್ಟು ಜಾಗವಿತ್ತು. ಹೊಲಿಗೆ ಬೀಳುವಷ್ಟೂ ಇತ್ತು.

ಹೇಳಿದವರಲ್ಲಿ ಹತ್ತು ಜನ ಬದುಕಿದ್ದರು. ಎಲ್ಲರಿಗೂ ಫೋನು ಹೋಯಿತು. ಎರಡು ಭಾನುವಾರ ಅಂಗಡಿ ಜಾತ್ರೆಯಾಯಿತು. ಅಚ್ಚಾದ ತಮ್ಮ ಕತೆ ಓದಿಕೊಂಡ ಮಂಗಳೂರಿನವರು, "ಮಾರಾಯ್ರೇ, ಇದು ನಾನು ಹೇಳಿದ್ದಾ? ನನಗೇ ನಿದ್ದೆ ಬರ್ತದೆ" ಅಂದರು. ಒಬ್ಬೊಬ್ಬರೂ ತಮ್ಮ ಕತೆಯನ್ನು ತಮ್ಮ ಬಾಯಿಯಂತೆ ಒಂದೊಂದು ಹಾಳೆಯಲ್ಲಿ ಬರೆದರು. ಪಕ್ಕದ ಅಂಗಡಿಯಲ್ಲಿ ನಲವತ್ತು ನಲವತ್ತು ಪ್ರತಿ ಜೆರಾಕ್ಸ್ ಆಯಿತು. ಅಚ್ಚಿನ ಪುಟ ಎಡಕ್ಕೆ, ಮನೆಮಾತಿನ ಹಾಳೆ ಬಲಕ್ಕೆ. ಜೀನ್ಸಿಗೆ ಬಳಸುವ ದಪ್ಪ ಸೂಜಿ ಹಾಕಿ ನಾಗವ್ವ ಹಾಳೆಗಳನ್ನು ಹೊಲಿದಳು.

ಸಂಗವ್ವನ ಹಾಳೆ ಮಾತ್ರ ಖಾಲಿ ಉಳಿಯಿತು. ನಾಗವ್ವ ತಾನೇ ಬರೆಯಲು ಕೂತಳು. ಮೂರು ಸಾಲು ಬರೆದು ಓದಿ ನೋಡಿದಳು, ಗಾಳಿಯನ್ನು ಬೈಯುತ್ತಿದ್ದುದು ಗುಳೇದಗುಡ್ಡದ ಮುದುಕಿ. ಮೂರ್ತಿ ಮಾಡಿದ್ದನ್ನೇ ತಾನೂ ಮಾಡುತ್ತಿದ್ದೇನಲ್ಲ ಎಂದು ಹಾಳೆ ಹರಿದಳು. ಬಸವಂತಪ್ಪನನ್ನು ಕರೆಸಿದಳು. ಬಸ್ ಡಿಪೋದ ಸಮವಸ್ತ್ರದಲ್ಲೇ ಬಂದ ಅವನು ಪೆನ್ನು ಹಿಡಿದು ಬೆವರಿದ.

"ಅಕ್ಕಾ, ಅವ್ವನ ಮುಖ ಕಾಣ್ತದ, ಮಾತ ಕೇಳಸ್ತಾ ಇಲ್ಲ. ಎಲ್ಲಿ ಹೋಯ್ತೋ."

ಅಚ್ಚಿನ ಪುಟ ನೋಡಿದರೆ ನೆನಪಾದೀತೇನೋ ಎಂದು ಅವನು ಗಟ್ಟಿಯಾಗಿ ಓದತೊಡಗಿದ. ವೃದ್ಧೆಯು ಕೈಮುಗಿದು, ಹೇ ವಾಯುದೇವನೇ. ಅವನ ಜೊತೆ ಬಂದ ಹತ್ತು ವರ್ಷದ ಮಗಳು ಸೌಜನ್ಯಾ ಮೂಲೆಯಲ್ಲಿ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ತಲೆಯೆತ್ತಿ, ಇಂಗ್ಲಿಷಿನಲ್ಲೇ, ಅಜ್ಜಿ ಯಾವತ್ತೂ ಗಾಳಿಗೆ ಕೈಮುಗಿದಿಲ್ಲ ಅಂದಳು.

"ಮತ್ತೇನ್ ಮಾಡ್ತಿದ್ಲವಾ?" ನಾಗವ್ವ ಮೆಲ್ಲಗೆ ಕೇಳಿದಳು.

"ಬಟ್ಟೆ ಒಣಗದಿದ್ರೆ ಗಾರ್ಡನ್‌ಗೆ ಹೋಗ್ತಿದ್ಲು. ದಿನಾ." ಅದನ್ನೂ ಇಂಗ್ಲಿಷಿನಲ್ಲೇ ಹೇಳಿ ಹುಡುಗಿ ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟಳು. ಕುತ್ತಿಗೆಯನ್ನು ಸಂಗವ್ವನ ಹಾಗೆಯೇ ಓರೆ ಮಾಡಿ ಟ್ಯೂಬ್‌ಲೈಟಿನ ಕಡೆ ನೋಡಿದಳು. "ಎಲ್ಲಿ ಸತ್ತೀಯೋ ಗಾಳೆಪ್ಪಾ! ಹೆಂಡ್ತಿ ಮಗ್ಗಲಾಗ ಕುಂತು ಉಣ್ಲತ್ತೀಯೇನು?"

ಒಂದು ಉಸಿರಿಗೆ ಕೊನೆಯ ತನಕ ಬಂತು, ಒಂದು ಎಳೆತ ತಪ್ಪದೆ. ಬಸವಂತಪ್ಪ ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡ. ನಾಗವ್ವ ಹಾಳೆಯನ್ನು ಹುಡುಗಿಯ ಮುಂದೆ ಸರಿಸಿದಳು.

"ಬರಿ ಯವ್ವಾ."

ಸೌಜನ್ಯಾ ಹಿಂಜರಿದಳು. ಶನಿವಾರದ ಶಾಲೆಯಲ್ಲಿ ಕಲಿತ ಕನ್ನಡದ ಅಕ್ಷರಗಳು ಅವಳಿಗೆ ಓದಲು ಬಂದರೂ ಬರೆಯಲು ಅರ್ಧದಷ್ಟೇ ಬರುತ್ತಿದ್ದವು. ಬಂದಷ್ಟನ್ನು ಕನ್ನಡದಲ್ಲಿ ಬರೆದಳು, ಬಾರದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ. ಒಂದೇ ಸಾಲಿನಲ್ಲಿ ಎರಡೂ ಕಲಸಿಕೊಂಡವು. ನಾಗವ್ವನ ಕೈಯಲ್ಲಿ ಪೆನ್ಸಿಲ್ ಇತ್ತು. ತಪ್ಪು ಕಂಡಲ್ಲೆಲ್ಲ ಅದು ತಾನಾಗಿ ಮುಂದೆ ಹೋಗುತ್ತಿತ್ತು, ಈಗ ಮುಟ್ಟಿತು ಎನ್ನುವಷ್ಟು ಹತ್ತಿರ. ಆಮೇಲೆ ಅವಳು ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಮೇ ಕೊನೆಯ ಶನಿವಾರ ಬಿಡುಗಡೆ. ಖಣದ ಹೊದಿಕೆ ತೊಟ್ಟ ನಲವತ್ತು ಪುಸ್ತಕಗಳು ಹ್ಯಾರೋದ ಹಾಲಿನ ಮೇಜಿನ ಮೇಲೆ ಮದುವೆಗೆ ಬಂದವರಂತೆ ಕೂತಿದ್ದವು. ನರಸಿಂಹಮೂರ್ತಿ ಮೈಕಿನ ಮುಂದೆ ನಿಂತು, ಹೊದಿಕೆಯ ಚೆಲುವನ್ನು ಹೊಗಳಿ, ಒಂದನ್ನು ತೆರೆದರು. ಓದಲು ಬಾಯಿ ತೆಗೆದವರು ಹಾಗೇ ನಿಂತರು. ಪುಟ ತಿರುವಿದರು. ಇನ್ನೊಂದು.

"ಇದೇನಿದು? ಪುಸ್ತಕ ಹಾಳು ಮಾಡಿದೋರು ಯಾರು?" ಮೈಕು ಎಲ್ಲವನ್ನೂ ದೊಡ್ಡದಾಗಿ ಹೇಳಿತು.

ನಾಗವ್ವ ನಡುಸಾಲಿನಲ್ಲಿ ಎದ್ದು ನಿಂತಳು. "ನಾ ಹೊಲದೀನ್ರಿ. ನಿಮ್ಮದು ಒಂದ ಅಕ್ಷರ ಕಿತ್ತಿಲ್ಲ, ಒಂದ ಗೆರಿ ಹೊಡದಿಲ್ಲ. ಎಣಿಸಿ ನೋಡ್ರಿ. ನೀವು ನಮ್ಮದನ್ನ ಕಸದ ಡಬ್ಬಿಗೆ ಹಾಕಿದ್ರಿ. ನಾವು ನಿಮ್ಮದನ್ನ ಎಡಕ್ಕ ಕುಂದ್ರಿಸೇವಿ, ಮರ್ಯಾದಿಲೇ. ಯಾರು ಶಾಣ್ಯಾರು, ಈ ಕೂಸುಗೋಳು ಹೇಳಲಿ."

"ಇದನ್ನೆಲ್ಲ ವಾಪಸ್ ತಗೋಬೇಕಾಗುತ್ತೆ."

ಮುಂದಿನ ಸಾಲಿನ ಮಂಗಳೂರಿನವರು ಮೇಜಿನಿಂದ ಆಗಲೇ ತಮ್ಮ ಪ್ರತಿ ಎತ್ತಿಕೊಂಡಿದ್ದರು. ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಆ ಸದ್ದು ಹಾಲಿಗೆಲ್ಲ ಕೇಳಿಸಿತು. ಮತ್ತೊಬ್ಬರು ಎದ್ದರು, ಇನ್ನೊಬ್ಬರು. ಸಿರಿಶಾ ವೇದಿಕೆಯಿಂದಿಳಿದು ಬಂದು ತಾನೂ ಒಂದನ್ನು ತೆಗೆದುಕೊಂಡಳು. ನಂತರ, ಮೂರ್ತಿಯ ಮುಖ ನೋಡದೆ, ಪಟ್ಟಿಯಲ್ಲಿ ಬರೆದಿದ್ದಂತೆ ಸೌಜನ್ಯಾಳ ಹೆಸರು ಕರೆದಳು. ಗಾಳಿಯ ಕತೆ ಓದುವುದು ಅವಳ ಪಾಲಿಗಿತ್ತು.

ಸೌಜನ್ಯಾ ಮೈಕಿನ ಮುಂದೆ ಪುಸ್ತಕ ಬಿಡಿಸಿದಳು. ಎಡಪುಟವನ್ನು ಮೊದಲು ಓದಿದಳು, ತಡವರಿಸುತ್ತ, ಪೂರ್ತಿಯಾಗಿ. ಹಾಗೆ ಮಾಡಬೇಕೆಂದು ನಾಗವ್ವನೇ ಹೇಳಿಕೊಟ್ಟಿದ್ದಳು. ಮಕ್ಕಳು ಕಾಲು ಆಡಿಸುತ್ತಿದ್ದವು. ಬಲಪುಟಕ್ಕೆ ಬಂದಾಗ ಅವಳು ಪುಸ್ತಕವನ್ನು ಕೆಳಗಿಳಿಸಿ ಸೊಂಟಕ್ಕೆ ಕೈಯಿಟ್ಟಳು. ಗಾಳೆಪ್ಪ ಹೆಂಡತಿಯ ಮಗ್ಗಲಲ್ಲಿ ಕೂತು ಉಣ್ಣುತ್ತಿದ್ದಾನೆಂದು ಗೊತ್ತಾದ ಕೂಡಲೇ ಹಿಂದಿನ ಸಾಲಿನಿಂದ ಒಂದು ಮಗು ಕೂಗಿತು, "ಇನ್ನೊಂದ್ ಸಲ!"

ಗದ್ದಲದ ನಡುವೆ ಮೂರ್ತಿ ತಮ್ಮ ಕೈಯಲ್ಲಿದ್ದ ಪ್ರತಿಯನ್ನು ಕೊನೆಯ ತನಕ ತಿರುವಿದ್ದರು. ಎಲ್ಲ ಪ್ರತಿಗಳಲ್ಲಿದ್ದಂತೆ ಅದರಲ್ಲೂ ಕೊನೆಗೆ ಹೊಲಿದಿದ್ದ ಒಂದು ಹಾಳೆ ಖಾಲಿ. ಅಳತೆಪುಸ್ತಕದ ಹಾಗೆ ಪೆನ್ಸಿಲಿನಿಂದ ಗೆರೆ ಎಳೆದಿತ್ತು, ಅಷ್ಟೆ. ಕುರ್ಚಿ ಮಡಚುವ ಹೊತ್ತಿಗೆ ಅವರು ಅದನ್ನು ಹಿಡಿದುಕೊಂಡು ನಾಗವ್ವನ ಹತ್ತಿರ ಬಂದರು.

"ಇದರಲ್ಲಿ ಏನೂ ಇಲ್ಲವಲ್ಲ?"

"ಅದು ನಿಮ್ಮ ತಾಯಿದ್ರಿ. ಗ್ವಾಡಿಗೆ ಮುಖ ಮಾಡಿ ಮಾತಾಡ್ತೀರಲ್ಲ, ಅದನ್ನ ಬರೀರಿ."

ಮೂರ್ತಿ ಪುಸ್ತಕ ಮುಚ್ಚಿ, ಮತ್ತೆ ಅದೇ ಹಾಳೆಗೆ ತೆರೆದರು. ಕೊನೆಗೆ ಇಂಗ್ಲಿಷಿನಲ್ಲಿ ಸಾರಿ ಅಂದರು.

"ಸಾರಿ ಯಾಕ್ರಿ, ನನ್ನ ಕೆಂಪು ಪುಸ್ತಕ ಬರ್ತೈತೇನು ಅದರಿಂದ?" ನಾಗವ್ವ ಖಾಲಿ ಪೆಟ್ಟಿಗೆಯನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡಿದಳು. "ಹೊಸಾದ ತರಾಕ ಹೊಂಟೀನಿ. ಈ ಸಲ ಅದು ಅಂಗಡಿ ಹೊಸ್ತಿಲಾ ದಾಟೂದಿಲ್ಲ. ನಿಮಗ ಬೇಕಂದ್ರ ನೀವ ಬರ್ರಿ. ಬಂದು, ಉಸಿರು ಬಿಟ್ಟು ನಿಂದರ್ರಿ."

ಬಸ್ ಸ್ಟಾಪಿನ ಕಡೆ ಅವಳು ನಡೆದಳು. ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ. ಮೂರ್ತಿ ಹಾಲಿನ ಬಾಗಿಲಿಗೆ ಬೀಗ ಹಾಕಲು ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಅದನ್ನು ಅವರು ಮೇಜಿನ ಮೇಲೆ ಬಿಟ್ಟು ಹೋಗಿರಲಿಲ್ಲ.